ಒಂದು ಗಣಕ, ಎರಡು ಜಾಲ



ನಮ್ಮ ನಾಡಿನ ಸಹಕಾರ ಸಂಘಗಳಲ್ಲಿ, ಗೋದಾಮುಗಳಲ್ಲಿ, ಚಿಕ್ಕ ಕಾರ್ಖಾನೆಗಳ ಲೆಕ್ಕಪತ್ರದ ಕೊಠಡಿಗಳಲ್ಲಿ, ಹತ್ತು ಹದಿನೈದು ವರ್ಷಗಳ ಹಿಂದೆ ಕೊಂಡುತಂದ ಗಣಕಯಂತ್ರವೊಂದು ಇಂದಿಗೂ ದಿನದ ಕೆಲಸವನ್ನು ಚ್ಯುತಿಯಿಲ್ಲದೆ ನಡೆಸಿಕೊಂಡು ಬರುತ್ತಿರುವುದನ್ನು ತಾವು ಬಲ್ಲಿರಿ. ಅದನ್ನು ಇನ್ನೂ ಉಳಿಸಿಕೊಂಡಿರುವುದಕ್ಕೆ ಹಣದ ಬಿಗಿಯೊಂದೇ ಕಾರಣವೆಂದು ಹೇಳುವುದು ಆ ಕಚೇರಿಯ ನೌಕರರಿಗೆ ಮಾಡುವ ಅನ್ಯಾಯವಾದೀತು. ವೇಬ್ರಿಡ್ಜಿನ ತೂಕವನ್ನು ಸೀರಿಯಲ್ ಪೋರ್ಟಿನ ಮೂಲಕ ಓದಿಕೊಳ್ಳುವ ತಂತ್ರಾಂಶವು ಆ ಯಂತ್ರದಲ್ಲಿ ಮಾತ್ರ ನಡೆಯುತ್ತಿರಬಹುದು. ಫಾಕ್ಸ್‌ಪ್ರೊದಲ್ಲಿ ಬರೆಸಿದ ಲೆಕ್ಕದ ಕ್ರಮವಿಧಿಯು ಹೊಸ ಯಂತ್ರದಲ್ಲಿ ತೆರೆಯದೆ ಹೋಗಬಹುದು. ಯೂನಿಕೋಡ್ ರೂಢಿಗೆ ಬರುವುದಕ್ಕೆ ಮುನ್ನ ‘ನುಡಿ’ಯಲ್ಲಿಯೋ ‘ಬರಹ’ದಲ್ಲಿಯೋ ಟೈಪು ಮಾಡಿಟ್ಟ ನಡಾವಳಿಗಳೂ ಸುತ್ತೋಲೆಗಳೂ, ಹಳೆಯ ಫಾಂಟುಗಳಿರುವ ಆ ಒಂದೇ ಯಂತ್ರದಲ್ಲಿ ಸರಿಯಾಗಿ ಓದಿಸಿಕೊಳ್ಳುತ್ತಿರಬಹುದು. ಇಂತಹ ಯಂತ್ರವು ಕಚೇರಿಯ ಸ್ಮೃತಿಯೇ ಆಗಿ ಪರಿಣಮಿಸಿರುತ್ತದೆ. ಆದುದರಿಂದ ಅದನ್ನು ಗೌರವದಿಂದ ನಡೆಸಿಕೊಳ್ಳಬೇಕೆಂಬುದು ನನ್ನ ಮೊದಲ ಮಾತು.

ಈ ಯಂತ್ರಕ್ಕೆ ಒಂದು ಜಾಲದ ಸಂಪರ್ಕವು ಮೊದಲಿನಿಂದಲೂ ಇದ್ದೇ ಇರುತ್ತದೆ. ಅದು ಕಚೇರಿಯ ಒಳಜಾಲ. ಕೆಲವೆಡೆ ಅದೇ ಜಾಲವು ಖಾಸಗಿ ತಂತಿಯೊಂದರ ಮೂಲಕ ದೂರದ ಮುಖ್ಯ ಕಚೇರಿಯವರೆಗೂ ಚಾಚಿಕೊಂಡಿರುವುದುಂಟು. ಕಾಲ ಬದಲಾದಂತೆ ಬ್ರಾಡ್‌ಬ್ಯಾಂಡ್ ಬಂದಿತು; 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದು, ಅದರ ವಿವರಪಟ್ಟಿಗಳನ್ನು ಅಂತರಜಾಲದ ಮೂಲಕವೇ ಸಲ್ಲಿಸಬೇಕಾಯಿತು; ಮಿಂಚಂಚೆಯಿಲ್ಲದೆ ವ್ಯವಹಾರ ಸಾಗದೆಂಬ ಸ್ಥಿತಿಯುಂಟಾಯಿತು. ಆಗ ಗುಮಾಸ್ತರು ಕೇಳುವ ಪ್ರಶ್ನೆ ಅತ್ಯಂತ ಸಹಜವಾದುದು: ಈ ಒಂದೇ ಯಂತ್ರದಿಂದ ಒಳಜಾಲವನ್ನೂ ಹೊರಗಿನ ಅಂತರಜಾಲವನ್ನೂ ಏಕಕಾಲದಲ್ಲಿ ಮುಟ್ಟಲಾಗದೆ? ಆಗುತ್ತದೆ. ಎರಡನೆಯ ನೆಟ್‌ವರ್ಕ್ ಕಾರ್ಡೊಂದನ್ನು ಹಾಕಿ, ಎರಡನೆಯ ಕೇಬಲ್ಲನ್ನು ಸಿಕ್ಕಿಸಿದರೆ ಯಂತ್ರಕ್ಕೆ ಎರಡು ಸಂಪರ್ಕಗಳು ದೊರೆಯುತ್ತವೆ. ಆದರೆ ಅಷ್ಟಕ್ಕೇ ಕೆಲಸ ಮುಗಿಯಿತೆಂದು ಎದ್ದುಬಂದ ಮರುದಿನವೇ, ಅಂತರಜಾಲ ಬಂದರೆ ಮುಖ್ಯ ಕಚೇರಿ ಸಿಕ್ಕುವುದಿಲ್ಲ, ಮುಖ್ಯ ಕಚೇರಿ ಸಿಕ್ಕಿದರೆ ಅಂತರಜಾಲ ಬರುವುದಿಲ್ಲ ಎಂಬ ದೂರು ಬರುತ್ತದೆ. ಈ ದೂರಿನ ಮೂಲವನ್ನು ವಿಚಾರಿಸುವುದೇ ಈ ಭಾಷಣದ ಮುಖ್ಯೋದ್ದೇಶ.

ಒಂದು ಯಂತ್ರವು ಎರಡು ಜಾಲಗಳಲ್ಲಿ ನಿಲ್ಲುವುದು ಹೊಸ ಸಂಗತಿಯೇನೂ ಅಲ್ಲ. ನಾವಿಂದು ಅಂತರಜಾಲವೆಂದು ಕರೆಯುವ ಮಹಾವ್ಯವಸ್ಥೆಯು ಹುಟ್ಟಿದುದೇ ಆ ಕಲ್ಪನೆಯಿಂದ. ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು 1974ರ ಮೇ ತಿಂಗಳಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಸ್ವಭಾವದಲ್ಲಿ ಒಂದಕ್ಕೊಂದು ಹೋಲದ ಜಾಲಗಳ ನಡುವೆ ‘ಗೇಟ್‌ವೇ’ ಎಂಬ ಗಣಕವನ್ನು ನಿಲ್ಲಿಸಿ, ಒಂದರ ಸಂದೇಶವನ್ನು ಇನ್ನೊಂದಕ್ಕೆ ದಾಟಿಸುವ ಕ್ರಮವನ್ನು ನಿರೂಪಿಸಿದರು. 1977ರ ನವೆಂಬರ್ 22ರಂದು ಕ್ಯಾಲಿಫೋರ್ನಿಯದ ಹೆದ್ದಾರಿಯಲ್ಲಿ ಸಾಗುತ್ತಿದ್ದ ವ್ಯಾನೊಂದರಿಂದ ಹೊರಟ ಸಂದೇಶಗಳು ರೇಡಿಯೊ ಜಾಲ, ಉಪಗ್ರಹ ಜಾಲ, ಆರ್ಪಾನೆಟ್ ಎಂಬ ಮೂರು ಬೇರೆ ಬೇರೆ ಜಾಲಗಳನ್ನು ದಾಟಿ, ಅಟ್ಲಾಂಟಿಕ್ ಸಾಗರದಾಚೆಯ ಲಂಡನ್ನಿನವರೆಗೆ ಹೋಗಿ, ಪುನಃ ಲಾಸ್ ಏಂಜಲೀಸ್ ಪ್ರಾಂತಕ್ಕೆ ಬಂದು ಮುಟ್ಟಿದವು. ನಡುವೆ ನಿಂತು ದಾಟಿಸಿದುವು ಅಂತಹ ಗೇಟ್‌ವೇಗಳೇ. ಇದನ್ನು ಇಲ್ಲಿ ಸ್ಮರಿಸಲು ಕಾರಣವುಂಟು. ಗೇಟ್‌ವೇಯ ಧರ್ಮವು ದಾಟಿಸುವುದು. ನಮ್ಮ ಕಚೇರಿಯ ಗಣಕದ ಧರ್ಮವು ಎರಡು ಜಾಲಗಳಲ್ಲಿಯೂ ತನ್ನ ಕೆಲಸವನ್ನು ತಾನು ಮಾಡಿಕೊಳ್ಳುವುದೇ ಹೊರತು ಒಂದರ ಸಂದೇಶವನ್ನು ಇನ್ನೊಂದಕ್ಕೆ ದಾಟಿಸುವುದಲ್ಲ. 1989ರ ಅಕ್ಟೋಬರಿನಲ್ಲಿ ಪ್ರಕಟವಾದ ಅಂತರಜಾಲದ ನಿಯಮಪತ್ರವೊಂದು ಈ ಎರಡು ಧರ್ಮಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿ, ಅನೇಕ ಜಾಲಗಳಲ್ಲಿ ನೆಲೆಯುಳ್ಳ ಸಾಮಾನ್ಯ ಗಣಕವು ಹೇಗೆ ನಡೆದುಕೊಳ್ಳತಕ್ಕದ್ದೆಂಬುದನ್ನು ವಿಸ್ತಾರವಾಗಿ ಚರ್ಚಿಸಿದೆ.

ಈಗ ಯಂತ್ರದೊಳಕ್ಕೆ ಬರೋಣ. ವಿಳಾಸವೆಂಬುದು ಗಣಕಕ್ಕೆ ಸೇರಿದುದಲ್ಲ, ಕಾರ್ಡಿಗೆ ಸೇರಿದುದು. ಎರಡು ಕಾರ್ಡುಗಳಿದ್ದರೆ ಯಂತ್ರ ಒಂದೇ ಆದರೂ ವಿಳಾಸಗಳು ಎರಡು. ಉದಾಹರಣೆಗೆ, ಒಳಜಾಲದ ಕಾರ್ಡಿಗೆ 10.20.5.40 ಎಂಬ ವಿಳಾಸವನ್ನೂ, ಬ್ರಾಡ್‌ಬ್ಯಾಂಡ್ ಮೋಡೆಮ್ಮಿನ ಕಡೆಯ ಕಾರ್ಡಿಗೆ 192.168.1.40 ಎಂಬ ವಿಳಾಸವನ್ನೂ ಕೊಟ್ಟಿದ್ದೇವೆಂದು ಇಟ್ಟುಕೊಳ್ಳಿ. ಇವುಗಳ ಜೊತೆಗೆ ಬರೆಯುವ 255.255.255.0 ಎಂಬ ಸಬ್‌ನೆಟ್ ಮಾಸ್ಕಿನ ತಾತ್ಪರ್ಯವಿಷ್ಟೆ: ವಿಳಾಸದ ಮೊದಲ ಮೂರು ಸಂಖ್ಯೆಗಳು ಯಾವ ಯಂತ್ರಗಳಿಗೆ ಸಮಾನವಾಗಿವೆಯೋ ಅವೆಲ್ಲವೂ ಇದೇ ಜಾಲದ ನೆರೆಹೊರೆಯವು, ಅವನ್ನು ಯಾರ ನೆರವೂ ಇಲ್ಲದೆ ನೇರವಾಗಿ ಮುಟ್ಟಬಹುದು. ಈ ನೆರೆಹೊರೆಯ ವಿಷಯದಲ್ಲಿ ಸಾಮಾನ್ಯವಾಗಿ ತೊಡಕು ಬರುವುದಿಲ್ಲ. ತೊಡಕು ಬರುವುದು ನೆರೆಹೊರೆಯಲ್ಲಿಲ್ಲದ ವಿಳಾಸಕ್ಕೆ ಸಂದೇಶವನ್ನು ಕಳುಹಿಸಬೇಕಾದಾಗ.

ಅಂಚೆಯ ವಿಂಗಡಣೆಯ ಕೊಠಡಿಯಲ್ಲಿ ಗೋಡೆಗೆ ಆನಿಸಿದ ಗೂಡುಗಳ ಚೌಕಟ್ಟನ್ನು ನೆನೆಯಿರಿ. ತಾನು ಬಲ್ಲ ಊರುಗಳಿಗೆಲ್ಲ ವಿಂಗಡಿಸುವವನು ಒಂದೊಂದು ಗೂಡನ್ನು ಇಟ್ಟಿರುತ್ತಾನೆ; ಯಾವ ಗೂಡಿಗೂ ಸೇರದ ಪತ್ರಗಳನ್ನು ಹಾಕಲು ‘ಇತರ ಸ್ಥಳಗಳು’ ಎಂಬ ಒಂದೇ ಗೂಡಿರುತ್ತದೆ, ಮತ್ತು ಅದರಲ್ಲಿ ಬಿದ್ದುದೆಲ್ಲವೂ ಒಂದೇ ಚೀಲದಲ್ಲಿ ದೊಡ್ಡ ಕಚೇರಿಗೆ ಹೋಗುತ್ತದೆ. ಗಣಕದಲ್ಲಿಯೂ ಇಂತಹುದೇ ಒಂದು ಕೋಷ್ಟಕವುಂಟು. ಕಪ್ಪು ಪರದೆಯ ಕಮ್ಯಾಂಡ್ ಪ್ರಾಂಪ್ಟನ್ನು ತೆರೆದು ‘ರೂಟ್ ಪ್ರಿಂಟ್’ ಎಂಬ ಆಜ್ಞೆಯನ್ನು ಕೊಟ್ಟರೆ ಅದು ಸಾಲುಸಾಲಾಗಿ ಕಾಣಿಸಿಕೊಳ್ಳುತ್ತದೆ. ಅದರ ಮೊದಲ ಸಾಲಿನಲ್ಲಿ ಸಾಮಾನ್ಯವಾಗಿ 0.0.0.0 ಎಂಬ ಗಮ್ಯಸ್ಥಾನ, ಮತ್ತೆ 0.0.0.0 ಎಂಬ ಮಾಸ್ಕು, ಅದರ ಮುಂದೆ ಗೇಟ್‌ವೇಯ ವಿಳಾಸ, ಕೊನೆಯಲ್ಲಿ ‘ಮೆಟ್ರಿಕ್’ ಎಂಬ ಒಂದು ಸಂಖ್ಯೆ ಇರುತ್ತವೆ. ಆ ಸೊನ್ನೆಗಳ ಸಾಲೇ ‘ಇತರ ಸ್ಥಳಗಳ’ ಗೂಡು. ಅದು ತೋರಿಸುವ ಗೇಟ್‌ವೇಯನ್ನು ಡೀಫಾಲ್ಟ್ ಗೇಟ್‌ವೇ ಎನ್ನುತ್ತಾರೆ. ನಮ್ಮ ದೂರಿನ ಯಂತ್ರದಲ್ಲಿ ಈ ಸಾಲು ಒಂದಿರಬೇಕಾದೆಡೆ ಎರಡಿರುತ್ತದೆ: ಒಂದು 10.20.5.1ನ್ನು ತೋರಿಸುತ್ತದೆ, ಮತ್ತೊಂದು 192.168.1.1ನ್ನು. ಕಾರ್ಡಿನ ವಿಳಾಸಗಳನ್ನು ತುಂಬುವ ಚೌಕದಲ್ಲಿ ಗೇಟ್‌ವೇಗೆಂದು ಒಂದು ಖಾಲಿ ಸ್ಥಳವಿರುವುದನ್ನು ಕಂಡು, ಖಾಲಿ ಬಿಡುವುದು ತಪ್ಪೇನೋ ಎಂಬ ಭಾವನೆಯಿಂದ, ಎರಡು ಕಾರ್ಡುಗಳಲ್ಲಿಯೂ ಅದನ್ನು ತುಂಬಿರುತ್ತಾರೆ.

ವಿಂಡೋಸ್ ಈ ಸಂದರ್ಭದಲ್ಲಿ ಮೌನವಾಗಿರುವುದಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಎರಡನೆಯ ಗೇಟ್‌ವೇಯನ್ನು ತುಂಬಿ ಒಪ್ಪಿಗೆಯ ಗುಂಡಿಯನ್ನು ಒತ್ತಿದೊಡನೆ, ಒಂದಕ್ಕಿಂತ ಹೆಚ್ಚು ಗೇಟ್‌ವೇಗಳಿರುವುದು ಒಂದೇ ಜಾಲಕ್ಕೆ ಬದಲಿ ದಾರಿಯಾಗಲೆಂದು, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಜಾಲಗಳಲ್ಲಿ ಅವು ಸರಿಯಾಗಿ ಕೆಲಸ ಮಾಡಲಾರವು ಎಂಬ ಅರ್ಥದ ಎಚ್ಚರಿಕೆಯು ಪರದೆಯ ಮೇಲೆ ಬರುತ್ತದೆ. ನಮ್ಮ ಸಮಸ್ಯೆಯ ನಿದಾನವೆಲ್ಲವೂ ಆ ಎರಡು ವಾಕ್ಯಗಳಲ್ಲಿದೆ. ಆದರೆ ಅದು ಇಂಗ್ಲಿಷಿನಲ್ಲಿ, ಅದೂ ಕೆಲಸದ ಅವಸರದ ನಡುವೆ ಬರುವುದರಿಂದ, ಓದದೆಯೇ ‘ಯೆಸ್’ ಒತ್ತಿ ಮುಂದೆ ಸಾಗುವವರೇ ಹೆಚ್ಚು.

ಎರಡು ಸಾಲುಗಳಿರುವಾಗ ಯಂತ್ರವು ಯಾವುದನ್ನು ಆರಿಸುತ್ತದೆ? ಮೆಟ್ರಿಕ್ ಸಂಖ್ಯೆ ಯಾವುದಕ್ಕೆ ಕಡಿಮೆಯೋ ಅದನ್ನು. ಆ ಸಂಖ್ಯೆಯನ್ನು ನಾವೇ ಕೊಡದಿದ್ದರೆ ವಿಂಡೋಸ್ ಕೇಬಲ್ಲಿನ ವೇಗವನ್ನು ನೋಡಿ ತಾನೇ ನಿಶ್ಚಯಿಸುತ್ತದೆ: ಸೆಕೆಂಡಿಗೆ 100 ಮೆಗಾಬಿಟ್ಟಿನ ಸಂಪರ್ಕಕ್ಕೆ 20, ಒಂದು ಗಿಗಾಬಿಟ್ಟಿನ ಸಂಪರ್ಕಕ್ಕೆ 10 ಎಂಬುದು ಹಳೆಯ ವಿಂಡೋಸುಗಳಲ್ಲಿ ಅದರ ಆಧಾರಾಂಕ. ಇಲ್ಲಿ ಒಂದು ಸೂಕ್ಷ್ಮವುಂಟು, ಶ್ರೋತೃಗಳು ಸ್ವಲ್ಪ ಅವಧಾನವಿಟ್ಟು ಕೇಳಬೇಕು. ಹಳೆಯ ಯಂತ್ರದ ಮದರ್‌ಬೋರ್ಡಿನಲ್ಲಿಯೇ ಕೂಡಿಬಂದ ಕಾರ್ಡು ಅನೇಕ ವೇಳೆ 100 ಮೆಗಾಬಿಟ್ಟಿನದು. ಹೊಸದಾಗಿ ತಂದು ಹಾಕಿದುದು ಗಿಗಾಬಿಟ್ಟಿನದು. ಕಚೇರಿಯ ಸ್ವಿಚ್ಚೂ ಗಿಗಾಬಿಟ್ಟಿನದಾಗಿದ್ದು, ಹೊಸ ಕಾರ್ಡನ್ನು ಒಳಜಾಲಕ್ಕೂ ಹಳೆಯದನ್ನು ಮೋಡೆಮ್ಮಿಗೂ ಕೊಟ್ಟು, ಎರಡರ ವಿಳಾಸಗಳನ್ನೂ ಕೈಯಾರೆ ತುಂಬಿದ್ದರೆ, ಯಂತ್ರವು ವೇಗವಾದ ಸಂಪರ್ಕವೇ ಉತ್ತಮವೆಂದು ಬಗೆದು, ಲೋಕದ ಸಮಸ್ತ ವಿಳಾಸಗಳಿಗೂ ಒಳಜಾಲದ ಗೇಟ್‌ವೇಯನ್ನೇ ಹಿಡಿಯುತ್ತದೆ. ಆ ಗೇಟ್‌ವೇಗಾದರೋ ಅಂತರಜಾಲದ ಅರಿವೇ ಇಲ್ಲ. ಮೇಜಿನಿಂದ ಸ್ವಿಚ್ಚಿನವರೆಗಿನ ನಾಲ್ಕು ಮಾರು ಕೇಬಲ್ಲಿನ ವೇಗವನ್ನು ನೋಡಿ ಸಾವಿರಾರು ಮೈಲಿಯ ಪ್ರಯಾಣದ ದಿಕ್ಕನ್ನು ನಿರ್ಧರಿಸಿದಂತಾಯಿತು. ಹೊಸ ಕಾರ್ಡು ಹಾಕಿದ ಮೇಲೆ ಅಂತರಜಾಲವೇ ನಿಂತುಹೋಯಿತೆಂಬ ದೂರು ಬಂದಾಗ ಆ ಪಾಪದ ಕಾರ್ಡನ್ನು ಕೆಟ್ಟುದೆಂದು ಅಂಗಡಿಗೆ ಹಿಂದಿರುಗಿಸುವುದಕ್ಕಿಂತ ಈ ಕೋಷ್ಟಕವನ್ನೊಮ್ಮೆ ನೋಡುವುದು ಮೇಲು.

ಪರಿಹಾರವು ಕಾರಣದಷ್ಟು ಜಟಿಲವಲ್ಲ. ಡೀಫಾಲ್ಟ್ ಗೇಟ್‌ವೇ ಒಂದೇ ಇರಬೇಕು, ಮತ್ತು ಅದು ಯಾವ ಕಡೆಯ ವಿಳಾಸಗಳನ್ನು ನಾವು ಎಣಿಸಿ ಹೇಳಲಾರೆವೋ ಆ ಕಡೆಯ ಕಾರ್ಡಿನಲ್ಲಿರಬೇಕು. ಅಂತರಜಾಲದ ವಿಳಾಸಗಳನ್ನು ಎಣಿಸಿ ಹೇಳುವವರಾರು? ಆದುದರಿಂದ ಗೇಟ್‌ವೇಯು ಮೋಡೆಮ್ಮಿನ ಕಡೆಗೇ ಸಲ್ಲಬೇಕು. ಒಳಜಾಲದ ಕಾರ್ಡಿನಲ್ಲಿ ಆ ಸ್ಥಳವನ್ನು ಧೈರ್ಯವಾಗಿ ಖಾಲಿ ಬಿಡಬೇಕು. ಒಳಜಾಲವು ಒಂದೇ ಕಟ್ಟಡದೊಳಗಿನ ನೆರೆಹೊರೆಯಷ್ಟೇ ಆಗಿದ್ದರೆ ಇಲ್ಲಿಗೆ ಕೆಲಸ ಮುಗಿಯಿತು. ಮುಖ್ಯ ಕಚೇರಿಯ ಯಂತ್ರಗಳು 10.20 ಎಂದು ಆರಂಭವಾಗುವ ಬೇರೆ ವಿಳಾಸಗಳಲ್ಲಿದ್ದರೆ ಮಾತ್ರ, ‘10.20.0.0, ಮಾಸ್ಕ್ 255.255.0.0, ಇವುಗಳಿಗೆ 10.20.5.1ರ ಮೂಲಕ ಹೋಗು’ ಎಂಬ ಒಂದು ಸಾಲನ್ನು ‘ರೂಟ್ ಆಡ್’ ಆಜ್ಞೆಯಿಂದ ಕೋಷ್ಟಕಕ್ಕೆ ಸೇರಿಸಬೇಕು. ‘ರೂಟ್’ ಶಬ್ದದ ನಂತರ ಅಡ್ಡಗೆರೆಯೊಡನೆ ‘ಪಿ’ ಅಕ್ಷರವನ್ನು ಬರೆಯುವುದನ್ನು ಮರೆಯಕೂಡದು. ಮರೆತರೆ ಆ ಸಾಲು ಯಂತ್ರವನ್ನು ಮತ್ತೊಮ್ಮೆ ಚಾಲೂ ಮಾಡುವವರೆಗೆ ಮಾತ್ರ ಉಳಿದು, ಮರುದಿನ ಬೆಳಿಗ್ಗೆ ಹಳೆಯ ದೂರೇ ಹೊಸದಾಗಿ ಹುಟ್ಟುತ್ತದೆ. ಕೋಷ್ಟಕದಲ್ಲಿ ಹೆಚ್ಚು ನಿರ್ದಿಷ್ಟವಾದ ಸಾಲಿಗೆ ಯಾವಾಗಲೂ ಮೊದಲ ಮನ್ನಣೆ. ಸೊನ್ನೆಗಳ ಸಾಲಿನ ಸರದಿ ಬರುವುದು ಎಲ್ಲಕ್ಕೂ ಕೊನೆಯಲ್ಲಿ. ಈ ಒಂದು ನಿಯಮದ ಬಲದಿಂದಲೇ ಎರಡು ಜಾಲಗಳೂ ಒಂದು ಯಂತ್ರದಲ್ಲಿ ಕಲಹವಿಲ್ಲದೆ ಇರಬಲ್ಲವು.

ಇನ್ನೊಂದು ವಿಷಯವು ಅನುಭವಸ್ಥರನ್ನೂ ದಿಗ್ಭ್ರಮೆಗೊಳಿಸುವಂಥದು. ಮುಖ್ಯ ಕಚೇರಿಯವರು ಅಲ್ಲಿಂದ ನಮ್ಮ ಯಂತ್ರವನ್ನು ಕರೆಯುತ್ತಾರೆ. ಅವರ ಸಂದೇಶವು ಒಳಜಾಲದ ಕಾರ್ಡಿಗೆ ಬಂದು ಸೇರಿಯೂ ಸೇರುತ್ತದೆ. ಆದರೂ ಅವರಿಗೆ ಉತ್ತರ ಮುಟ್ಟುವುದಿಲ್ಲ. ಬಂದ ದಾರಿಯಲ್ಲಿಯೇ ಉತ್ತರವೂ ಹಿಂದಿರುಗುತ್ತದೆಂದು ನಾವು ಭಾವಿಸುವುದು ಲೋಕಸಹಜವಾದರೂ, ಗಣಕವು ಉತ್ತರವನ್ನೂ ಹೊಸದೊಂದು ಸಂದೇಶವೆಂದೇ ಎಣಿಸಿ, ಅದು ಎಲ್ಲಿಗೆ ಹೋಗಬೇಕೆಂಬುದನ್ನು ತನ್ನ ಕೋಷ್ಟಕದಲ್ಲಿ ಹುಡುಕುತ್ತದೆ. ಮುಖ್ಯ ಕಚೇರಿಯ ಸಾಲು ಅಲ್ಲಿ ಇಲ್ಲದೆ ಹೋದರೆ, ಉತ್ತರವು ಮೋಡೆಮ್ಮಿನ ಕಡೆಗೆ ಹೋಗಿ ಕಳೆದುಹೋಗುತ್ತದೆ, ಅಥವಾ ಹೊರಡುವುದೇ ಇಲ್ಲ. ‘ನಾವು ಕೂಗಿದ್ದು ನಿಮಗೆ ಕೇಳಿಸುತ್ತಿಲ್ಲ’ ಎಂದು ದೂರವಾಣಿಯಲ್ಲಿ ಹೇಳುವವರಿಗೆ, ಕೇಳಿಸುತ್ತಿದೆ, ಉತ್ತರಕ್ಕೆ ಮಾತ್ರ ದಾರಿಯಿಲ್ಲವೆಂದು ತಿಳಿಸಬಲ್ಲವರು ಕೋಷ್ಟಕವನ್ನು ಓದಬಲ್ಲವರೇ.

ಎರಡು ಜಾಲಗಳ ವಿಳಾಸಗಳು ಒಂದೇ ಆಗಿರುವ ಪ್ರಸಂಗವೂ ಅಪರೂಪವಲ್ಲ. 1996ರ ಫೆಬ್ರವರಿಯಲ್ಲಿ ಪ್ರಕಟವಾದ ನಿಯಮದಂತೆ 10ರಿಂದ, 172.16ರಿಂದ 172.31ರವರೆಗಿನವುಗಳಿಂದ, ಮತ್ತು 192.168ರಿಂದ ಆರಂಭವಾಗುವ ವಿಳಾಸಗಳು ಖಾಸಗಿ ಬಳಕೆಗೆ ಮೀಸಲಾಗಿವೆ. ಯಾರ ಅಪ್ಪಣೆಯೂ ಇಲ್ಲದೆ ಯಾರು ಬೇಕಾದರೂ ತಮ್ಮ ಒಳಜಾಲದಲ್ಲಿ ಅವನ್ನು ಬಳಸಬಹುದು. ಈ ಸ್ವಾತಂತ್ರ್ಯದ ಫಲವಾಗಿ, ಕಚೇರಿಯ ಒಳಜಾಲವೂ 192.168.1, ಹೊಸ ಮೋಡೆಮ್ಮೂ 192.168.1 ಎಂದಾಗುವುದುಂಟು. ಆಗ ಯಾವ ನೆರೆಯವನು ಯಾವ ಕಡೆಯವನೆಂದು ಯಂತ್ರವು ತಿಳಿಯಲಾರದು. ಮೆಟ್ರಿಕ್ಕನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಮೋಡೆಮ್ಮಿನ ಕಡೆಯ ವಿಳಾಸಗಳನ್ನೇ 192.168.50 ಎಂದೋ ಬೇರೊಂದಾಗಿಯೋ ಬದಲಾಯಿಸುವುದು ಲೇಸು. ಒಳಜಾಲದಲ್ಲಿ ಪ್ರಿಂಟರುಗಳೂ ಸರ್ವರೂ ಇತರ ಯಂತ್ರಗಳೂ ಕೈಯಾರೆ ಬರೆದ ವಿಳಾಸಗಳಲ್ಲಿ ನಿಂತಿರುವುದರಿಂದ, ಅದನ್ನು ಕದಲಿಸಿದರೆ ಕಚೇರಿಯೇ ಕದಲುತ್ತದೆ.

ಹೆಸರುಗಳ ವಿಚಾರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಸರ್ವರನ್ನು ನಾವು ಸಂಖ್ಯೆಯಿಂದಲ್ಲದೆ ಹೆಸರಿನಿಂದ ಕರೆಯುವ ಪಕ್ಷದಲ್ಲಿ, ಆ ಹೆಸರನ್ನು ಸಂಖ್ಯೆಯಾಗಿಸಿ ಕೊಡುವ ಡಿಎನ್‌ಎಸ್ ಯಂತ್ರವೊಂದನ್ನು ಗಣಕವು ಕೇಳುತ್ತದೆ. ಹೊರಗಿನ ಡಿಎನ್‌ಎಸ್‌ಗೆ ನಮ್ಮ ಒಳಗಿನ ಹೆಸರುಗಳು ಗೊತ್ತಿರುವುದಿಲ್ಲ. ಅಂತಹ ಹೆಸರಿಲ್ಲವೆಂದು ಅದು ಖಚಿತವಾಗಿ ಹೇಳಿಬಿಟ್ಟರೆ ಗಣಕವು ಆ ಮಾತನ್ನು ನಂಬಿ ಹುಡುಕಾಟವನ್ನು ನಿಲ್ಲಿಸುತ್ತದೆ. ಒಳಗಿನ ನಾಲ್ಕೈದು ಯಂತ್ರಗಳ ಹೆಸರು ಮತ್ತು ವಿಳಾಸಗಳನ್ನು ‘ಹೋಸ್ಟ್ಸ್’ ಎಂಬ ಕಡತದಲ್ಲಿ ಬರೆದಿಟ್ಟರೆ ಚಿಕ್ಕ ಕಚೇರಿಗೆ ಅಷ್ಟೇ ಸಾಕು.

ಕೈಕೆಲಸದ ಬಗೆಗೂ ಎರಡು ಮಾತು. ಹಳೆಯ ಯಂತ್ರದ ಪೆಟ್ಟಿಗೆಯನ್ನು ತೆರೆಯುವ ಮುನ್ನ ವಿದ್ಯುತ್ತಿನ ತಂತಿಯನ್ನು ಕಿತ್ತು, ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಬೆರಳಿನಿಂದ ಮುಟ್ಟಿ, ಮೈಮೇಲಿನ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ವರ್ಷಗಳ ಧೂಳು ಪಿಸಿಐ ಸ್ಲಾಟಿನ ಸೀಳಿನಲ್ಲಿ ಹತ್ತಿಯಂತೆ ತುಂಬಿರುತ್ತದೆ. ಅದನ್ನು ಮೆತ್ತನೆಯ ಕುಂಚದಿಂದ ತೆಗೆದು, ಹಿಂಬದಿಯ ತಗಡಿನ ಪಟ್ಟಿಯನ್ನು ಬಿಚ್ಚಿ, ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳನ್ನು ಮುಟ್ಟದೆ ಅದರ ಎರಡು ತುದಿಗಳನ್ನು ಹಿಡಿದು, ಎರಡು ಕಡೆಯೂ ಸಮನಾಗಿ ಕೂರುವವರೆಗೆ ಒತ್ತಿ, ಸ್ಕ್ರೂ ಬಿಗಿಯಬೇಕು. ಒಂದು ಬದಿ ಕೂದಲೆಳೆಯಷ್ಟು ಮೇಲಕ್ಕೆ ನಿಂತಿದ್ದರೂ ಒಂದು ದಿನ ಬಂದು ಒಂದು ದಿನ ಬಾರದ ಸಂಪರ್ಕವು ತಪ್ಪದು. ಹಿಂಬದಿಯಲ್ಲಿ ಒಂದೇ ಬಗೆಯ ಎರಡು ರಂಧ್ರಗಳು ಕಾಣುವುದರಿಂದ, ಒಳಜಾಲದ ಕೇಬಲ್ಲಿಗೂ ಅದರ ರಂಧ್ರಕ್ಕೂ ಒಂದು ಬಣ್ಣದ ಟೇಪನ್ನೂ, ಹೊರಜಾಲದ್ದಕ್ಕೆ ಮತ್ತೊಂದು ಬಣ್ಣದ್ದನ್ನೂ ಸುತ್ತಬೇಕು. ಕಸ ಗುಡಿಸುವಾಗ ಕೇಬಲ್ಲು ಕಳಚಿ ಅದಲುಬದಲಾದರೆ ಇಡೀ ವ್ಯವಸ್ಥೆಯೇ ಅಸ್ತವ್ಯಸ್ತವಾಗುತ್ತದೆ.

ಇಷ್ಟರವರೆಗೆ ಹೇಳಿದುದು ಅನುಕೂಲದ ಮಾತು. ನನ್ನ ಮನಸ್ಸನ್ನು ಹೆಚ್ಚಾಗಿ ಕಾಡುವುದು ರಕ್ಷಣೆಯ ಮಾತು. ಎರಡು ಜಾಲಗಳನ್ನು ಯಾರೋ ಒಬ್ಬರು ಬೇರೆಯಾಗಿ ಇಟ್ಟಿದ್ದರೆಂದರೆ ಅದಕ್ಕೆ ಕಾರಣವಿದ್ದೀತು: ರೈತರ ಸಾಲದ ಲೆಕ್ಕ, ಸದಸ್ಯರ ಠೇವಣಿ, ನೌಕರರ ವೇತನದ ವಿವರಗಳು ಹೊರಗಿನವರ ಕೈಗೆ ಸಿಕ್ಕಬಾರದೆಂಬುದು ಆ ಕಾರಣ. ನಮ್ಮ ಹಳೆಯ ಯಂತ್ರವು ಆ ಎರಡರ ನಡುವೆ ಬಂದು ನಿಂತಾಗ, ಕಚೇರಿಯ ಅತ್ಯಂತ ದುರ್ಬಲವಾದ ಯಂತ್ರವೇ ಗಡಿಯಾಗಿ ಪರಿಣಮಿಸುತ್ತದೆ. ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಸಾಮಾನ್ಯ ಬೆಂಬಲವು 2014ರ ಏಪ್ರಿಲ್ 8ರಂದು ನಿಂತಿತು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು. ಆ ಬಳಿಕ ಕಂಡುಬಂದ ದೋಷಗಳಿಗೆ ಸಾಧಾರಣ ಬಳಕೆದಾರರಿಗೆ ಔಷಧ ಬರುವುದು ಅಪರೂಪ.

ಒಂದು ಕಾರ್ಡಿಗೆ ಬಂದ ಸಂದೇಶವನ್ನು ಇನ್ನೊಂದಕ್ಕೆ ದಾಟಿಸುವ ಶಕ್ತಿಯು ವಿಂಡೋಸಿನಲ್ಲಿ ಸಹಜಸ್ಥಿತಿಯಲ್ಲಿ ಮುಚ್ಚಿಯೇ ಇರುತ್ತದೆ. ಅದನ್ನು ತೆರೆಯಬಾರದು, ಎರಡು ಸಂಪರ್ಕಗಳನ್ನು ಒಟ್ಟಿಗೆ ಆಯ್ದಾಗ ಕಾಣುವ ‘ಬ್ರಿಡ್ಜ್ ಕನೆಕ್ಷನ್ಸ್’ ಎಂಬುದನ್ನೂ, ಸಂಪರ್ಕವನ್ನು ಹಂಚಿಕೊಳ್ಳುವ ಸೌಲಭ್ಯವನ್ನೂ ಮುಟ್ಟಕೂಡದು. ಆದರೆ ಇಷ್ಟರಿಂದಲೇ ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ದುಷ್ಟ ತಂತ್ರಾಂಶಕ್ಕೆ ದಾಟಿಸುವವರ ನೆರವು ಬೇಕಾಗಿಯೇ ಇಲ್ಲ. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಹುಳುವು ವಿಂಡೋಸಿನ ಕಡತ ಹಂಚಿಕೆಯ ದೋಷವೊಂದನ್ನು ಹಿಡಿದು ಲೋಕವನ್ನೆಲ್ಲ ಸುತ್ತಿತು. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ರೋಗಿಗಳ ಚಿಕಿತ್ಸೆಯನ್ನೇ ಮುಂದೂಡಬೇಕಾಯಿತು. ಆ ಹುಳುವು ಒಂದು ಯಂತ್ರವನ್ನು ಹೊಕ್ಕಮೇಲೆ, ಅಲ್ಲಿಂದಲೇ ಅದರ ನೆರೆಯ ಯಂತ್ರಗಳನ್ನು ಹುಡುಕಿ ಮುತ್ತುತ್ತಿತ್ತು. ಎರಡು ಕಾರ್ಡುಗಳುಳ್ಳ ಯಂತ್ರಕ್ಕೆ ನೆರೆಹೊರೆಯೂ ಎರಡು. ಆದುದರಿಂದ ಹೊರಜಾಲದ ಕಾರ್ಡಿನ ಗುಣಲಕ್ಷಣಗಳ ಪಟ್ಟಿಯನ್ನು ತೆರೆದು, ಕಡತ ಮತ್ತು ಪ್ರಿಂಟರ್ ಹಂಚಿಕೆಯ ಎದುರಿನ ಗುರುತನ್ನೂ, ಮೈಕ್ರೋಸಾಫ್ಟ್ ಜಾಲಗಳ ಕ್ಲೈಂಟ್ ಎಂಬುದರ ಎದುರಿನ ಗುರುತನ್ನೂ ತೆಗೆದುಹಾಕಬೇಕು; ಫೈರ್‌ವಾಲು ಎರಡು ಕಡೆಯೂ ಎಚ್ಚರವಾಗಿರಬೇಕು; ಅಂತರಜಾಲದಲ್ಲಿ ಆ ಯಂತ್ರವು ಮುಟ್ಟಬೇಕಾದ ತಾಣಗಳು ಎರಡೋ ಮೂರೋ ಆಗಿದ್ದರೆ ಮೋಡೆಮ್ಮಿನಲ್ಲಿಯೇ ಅಷ್ಟನ್ನು ಮಾತ್ರ ಬಿಡುವ ಏರ್ಪಾಡು ಮಾಡಬೇಕು.

ಕೆಲವು ಕಡೆ ಈ ಕೆಲಸವನ್ನು ಮಾಡಲೇಬಾರದೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ವಿದ್ಯುತ್ತನ್ನೋ ಕುಡಿಯುವ ನೀರನ್ನೋ ನಿಯಂತ್ರಿಸುವ ಯಂತ್ರಗಳ ಜಾಲ, ಆಸ್ಪತ್ರೆಯ ಉಪಕರಣಗಳ ಜಾಲ, ಮೇಲಧಿಕಾರಿಗಳು ಹೊರಸಂಪರ್ಕವನ್ನು ನಿಷೇಧಿಸಿರುವ ಸರ್ಕಾರಿ ಜಾಲ, ಇವುಗಳಲ್ಲಿ ಎರಡನೆಯ ಕೇಬಲ್ಲು ಹಾಕುವುದು ಅನುಕೂಲದ ಹೆಸರಿನಲ್ಲಿ ಮಾಡುವ ಅಪರಾಧ. ಅಂತಹೆಡೆ ಅಂತರಜಾಲಕ್ಕೆಂದೇ ಮತ್ತೊಂದು ಸಾಧಾರಣ ಗಣಕವನ್ನು ಇಟ್ಟು, ಕೆವಿಎಂ ಸ್ವಿಚ್ಚಿನ ಮೂಲಕ ಎರಡಕ್ಕೂ ಒಂದೇ ಕೀಲಿಮಣೆ, ಒಂದೇ ಪರದೆಯನ್ನು ಕೊಟ್ಟರೆ, ಮೇಜಿನ ಮೇಲೆ ಸ್ಥಳವೂ ಉಳಿಯುತ್ತದೆ, ಜಾಲಗಳೂ ಬೇರೆಯಾಗಿಯೇ ಇರುತ್ತವೆ. ಸ್ವಲ್ಪ ಹಣ ಒದಗುವ ಕಚೇರಿಯಲ್ಲಿ, ಎರಡು ಜಾಲಗಳ ನಡುವೆ ನಿಲ್ಲುವ ಹೊಣೆಯನ್ನು ಗಣಕದಿಂದ ತೆಗೆದು, ಅದಕ್ಕಾಗಿಯೇ ಮಾಡಿದ ರೂಟರಿಗೆ ವಹಿಸುವುದು ಇನ್ನೂ ಉತ್ತಮ. ಆಗ ಹಳೆಯ ಯಂತ್ರಕ್ಕೆ ಒಂದೇ ಕಾರ್ಡು, ಒಂದೇ ವಿಳಾಸ ಸಾಕು, ಯಾವುದು ಎಲ್ಲಿಗೆ ಹೋಗಬೇಕು, ಯಾವುದು ಹೋಗಕೂಡದು ಎಂಬ ವಿವೇಚನೆಯೆಲ್ಲವೂ ಒಂದೆಡೆ ಸೇರುತ್ತದೆ.

ಎರಡು ಕಾರ್ಡುಗಳ ಏರ್ಪಾಡನ್ನೇ ಮಾಡಿಕೊಂಡವರು, ಕೆಲಸ ಮುಗಿದ ಮೇಲೆ ಅದನ್ನು ಪರೀಕ್ಷಿಸದೆ ಏಳಬಾರದು. ‘ಟ್ರೇಸರ್ಟ್’ ಎಂಬ ಆಜ್ಞೆಯನ್ನು ಮೊದಲು ಮುಖ್ಯ ಕಚೇರಿಯ ವಿಳಾಸಕ್ಕೂ ಆಮೇಲೆ ಹೊರಗಿನ ಯಾವುದಾದರೊಂದು ವಿಳಾಸಕ್ಕೂ ಕೊಟ್ಟು ನೋಡಿದರೆ, ಸಂದೇಶವು ಹಾದುಹೋಗುವ ಮೊದಲ ನಿಲ್ದಾಣ ಯಾವುದೆಂಬುದು ಮೊದಲ ಸಾಲಿನಲ್ಲಿಯೇ ತಿಳಿಯುತ್ತದೆ, ಅಲ್ಲಿ 10.20.5.1 ಮತ್ತು 192.168.1.1 ಅನುಕ್ರಮವಾಗಿ ಕಾಣಿಸಿಕೊಂಡರೆ ದಾರಿಗಳು ನೆಟ್ಟಗಿವೆ. ಆನಂತರ ಹೊರಜಾಲದ ಕೇಬಲ್ಲನ್ನು ಕಿತ್ತು ಲೆಕ್ಕದ ತಂತ್ರಾಂಶವು ನಡೆಯುತ್ತದೆಯೇ ಎಂಬುದನ್ನೂ, ಅದನ್ನು ಸಿಕ್ಕಿಸಿ ಒಳಜಾಲದ್ದನ್ನು ಕಿತ್ತು ಮಿಂಚಂಚೆ ಬರುತ್ತದೆಯೇ ಎಂಬುದನ್ನೂ ನೋಡಬೇಕು. ಕಡೆಯದಾಗಿ ಯಂತ್ರವನ್ನು ಪೂರ್ತಿ ಆರಿಸಿ, ಮತ್ತೆ ಹಚ್ಚಿ, ಇದೇ ಪರೀಕ್ಷೆಗಳನ್ನು ಇನ್ನೊಮ್ಮೆ ಮಾಡಬೇಕು. ಎರಡು ವಿಳಾಸಗಳು, ಒಂದು ಗೇಟ್‌ವೇ, ಕೋಷ್ಟಕಕ್ಕೆ ಸೇರಿಸಿದ ಒಂದು ಸಾಲು, ಟೇಪುಗಳ ಬಣ್ಣ, ಇಷ್ಟನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದು ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿ, ಅದರ ಪ್ರತಿಯೊಂದನ್ನು ಕಚೇರಿಯ ಕಡತದಲ್ಲಿಯೂ ಇಡಿ; ನಾಳೆ ವರ್ಗವಾಗಿ ಬರುವ ಗುಮಾಸ್ತರು ಈ ಯಂತ್ರಕ್ಕೆ ಎರಡು ಕೇಬಲ್ಲುಗಳೇಕೆಂದು ಕೇಳಿದಾಗ ಉತ್ತರವು ಅಲ್ಲಿಯೇ ಸಿಕ್ಕಬೇಕು, ಮತ್ತು ಎಂದಾದರೊಂದು ದಿನ ಹೊಸ ಯಂತ್ರ ಬಂದು ಹಳೆಯದನ್ನು ತೆಗೆಯುವಾಗ ಎರಡನೆಯ ಕೇಬಲ್ಲನ್ನೂ ತೆಗೆಯಬೇಕೆಂಬುದು ಆ ಕಾಗದದಲ್ಲಿಯೇ ಬರೆದಿರಬೇಕು.